ಕರೆಂಟ್ ಮಾರುಕಟ್ಟೆ: ಯಾರು ಮಾರುತ್ತಾರೆ, ಯಾರು ಕೊಳ್ಳುತ್ತಾರೆ, ಯಾರ ಬಿಲ್ ಯಾರು ಕಟ್ಟುತ್ತಾರೆ

2025ರ ಅಕ್ಟೋಬರ್‌ನಲ್ಲಿ ಕೇಂದ್ರದ ವಿದ್ಯುತ್ ಸಚಿವಾಲಯ ಒಂದು ಕರಡು ಪ್ರಕಟಿಸಿ ಅಭಿಪ್ರಾಯ ಕೇಳಿತು. ಅದು ವಿದ್ಯುತ್ ತಿದ್ದುಪಡಿ ಮಸೂದೆ, 2025. ವಿದ್ಯುತ್ ನೌಕರರ ಸಂಘಗಳು ವಿರೋಧಿಸಿದವು. ರೈತ ಸಂಘಟನೆಗಳೂ ದನಿಗೂಡಿಸಿದವು. ಕೈಗಾರಿಕೆಯವರಿಗೆ ಅದರಲ್ಲಿ ಲಾಭ ಕಂಡಿತು. ಜನರ ಬಾಯಲ್ಲಿ ಎರಡು ಮಾತು ಓಡಾಡಿದವು. "ಇನ್ನು ಬೇಕಾದ ಕಂಪನಿಯಿಂದ ಕರೆಂಟ್ ತಗೋಬಹುದಂತೆ" ಎಂಬುದು ಒಂದು. "ಪಂಪ್‌ಸೆಟ್ ಕರೆಂಟಿಗೆ ಇನ್ನು ದುಡ್ಡು ಕಟ್ಟಬೇಕಂತೆ" ಎಂಬುದು ಇನ್ನೊಂದು.

ಎರಡರಲ್ಲೂ ಅರ್ಧ ನಿಜ ಇದೆ. ಉಳಿದರ್ಧ ಅರ್ಥವಾಗಬೇಕಾದರೆ ನಮ್ಮ ಮನೆಯ ಮೀಟರಿನಿಂದ ಹಿಂದಕ್ಕೆ ಹೋಗಬೇಕು. ಕರೆಂಟ್ ಎಲ್ಲಿ ಹುಟ್ಟುತ್ತೆ, ಯಾರ ಕೈ ಬದಲಾಗುತ್ತೆ, ಅದಕ್ಕೆ ಬೆಲೆ ಯಾರು ಕಟ್ಟುತ್ತಾರೆ ಅಂತ ನೋಡಬೇಕು.

ಕೆಇಬಿ ಎಲ್ಲಿಗೆ ಹೋಯ್ತು?

ಕರೆಂಟ್ ಹೋದರೆ ಇವತ್ತಿಗೂ ಎಷ್ಟೋ ಊರುಗಳಲ್ಲಿ "ಕೆಇಬಿಯವರಿಗೆ ಫೋನ್ ಮಾಡಿ" ಅಂತಲೇ ಹೇಳುತ್ತಾರೆ. ಆ ಕೆಇಬಿ ಇಲ್ಲವಾಗಿ ಕಾಲು ಶತಮಾನ ಆಯಿತು.

ನಮ್ಮಲ್ಲಿ ಕರೆಂಟಿನ ಕತೆ ಶುರುವಾಗೋದು 1902ರಲ್ಲಿ. ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ದೇಶದಲ್ಲೆಲ್ಲ ರಾಜ್ಯ ವಿದ್ಯುತ್ ಮಂಡಳಿಗಳು ಹುಟ್ಟಿಕೊಂಡವು. ನಮ್ಮಲ್ಲಿ 1957ರಲ್ಲಿ ಮಂಡಳಿ ಬಂತು, ಅದೇ ಕೆಇಬಿ. ತಂತಿ ಎಳೆಯೋದು, ಟಿಸಿ (ಟ್ರಾನ್ಸ್‌ಫಾರ್ಮರ್) ಕೂರಿಸೋದು, ಬಿಲ್ ಕೊಡೋದು, ದುಡ್ಡು ವಸೂಲಿ ಮಾಡೋದು, ಎಲ್ಲ ಅದರದೇ. 1970ರಲ್ಲಿ ಉತ್ಪಾದನೆಯ ಕೆಲಸವನ್ನು ಪ್ರತ್ಯೇಕ ನಿಗಮಕ್ಕೆ ಕೊಟ್ಟರು. ಅದೇ ಈಗಿನ ಕೆಪಿಸಿ. ಶರಾವತಿ, ರಾಯಚೂರು, ಬಳ್ಳಾರಿಯ ಸ್ಥಾವರಗಳು ಅದರ ಕೈಯಲ್ಲಿವೆ.

ಮಂಡಳಿಗಳ ಕಾಲದಲ್ಲಿ ದರ ನಿರ್ಧಾರದ ಹಿಂದೆ ಸರ್ಕಾರ ಇರುತ್ತಿತ್ತು. ಚುನಾವಣೆ ಹತ್ತಿರ ಬಂದಾಗ ದರ ಏರಿಸುವ ಸರ್ಕಾರ ಎಲ್ಲಿದೆ? ಖರ್ಚು ಏರುತ್ತಾ ಹೋಯಿತು, ವಸೂಲಿ ಏರಲಿಲ್ಲ. 1990ರ ದಶಕದ ಹೊತ್ತಿಗೆ ದೇಶದ ಬಹುತೇಕ ಮಂಡಳಿಗಳು ಸಾಲದಲ್ಲಿ ಮುಳುಗಿದ್ದವು. ಮಂಡಳಿಯನ್ನು ಒಡೆದು ಒಂದೊಂದು ಕೆಲಸಕ್ಕೆ ಒಂದೊಂದು ಕಂಪನಿ ಮಾಡಿ ಎಂಬ ಸಲಹೆ ಆಗ ಬಂತು. ಇದರ ಹಿಂದೆ ವಿಶ್ವಬ್ಯಾಂಕಿನ ಒತ್ತಾಸೆಯೂ ಇತ್ತು.

ಕರ್ನಾಟಕ 1999ರಲ್ಲಿ ಇದಕ್ಕಾಗಿ ಕಾಯ್ದೆ ತಂದಿತು. ಮಂಡಳಿ ಹೋಗಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ, ಅಂದರೆ ಕೆಪಿಟಿಸಿಎಲ್ ಬಂತು. ಅದೇ ವರ್ಷ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ ಹುಟ್ಟಿತು. 2002ರ ಜೂನ್‌ನಲ್ಲಿ ಮನೆ ಮನೆಗೆ ಕರೆಂಟ್ ಹಂಚುವ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳ ಪಾಲಾಯಿತು. 2005ರಲ್ಲಿ ಮೈಸೂರು ಭಾಗಕ್ಕೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಬಂತು. ಈ ಐದನ್ನು ಒಟ್ಟಾಗಿ ಎಸ್ಕಾಂ ಅನ್ನುತ್ತಾರೆ. (ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಮಾತ್ರ ಕರೆಂಟ್ ಹಂಚೋದು ಒಂದು ಸಹಕಾರಿ ಸಂಘ. ಅದು ಕೆಇಬಿ ಕಾಲದಿಂದಲೂ ಇದೆ.)

ಕಂಪನಿಗಳು ಅಂದ ತಕ್ಷಣ ಖಾಸಗಿ ಅಂತಲ್ಲ. ಐದೂ ಎಸ್ಕಾಂಗಳು ಸರ್ಕಾರದವೇ. ಬದಲಾದದ್ದು ಲೆಕ್ಕದ ಪುಸ್ತಕ. ಮೊದಲು ಒಂದೇ ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತಿದ್ದ ಹಣ ಈಗ ಒಬ್ಬರು ಇನ್ನೊಬ್ಬರಿಗೆ ಕೊಡುವ ಬಿಲ್ ಆಯಿತು. ದರ ನಿಗದಿ ಮಾಡುವ ಅಧಿಕಾರ ಕಾನೂನಿನ ಪ್ರಕಾರ ಆಯೋಗಕ್ಕೆ ಹೋಯಿತು. 2003ರಲ್ಲಿ ಕೇಂದ್ರದ ವಿದ್ಯುತ್ ಕಾಯ್ದೆ ಬಂದ ಮೇಲೆ ಇದೇ ದೇಶದ ನಿಯಮವಾಯಿತು.

ಎಸ್ಕಾಂ ಕರೆಂಟ್ ಕೊಳ್ಳುವುದು ಹೇಗೆ?

ಎಸ್ಕಾಂಗೆ ಸ್ವಂತ ಸ್ಥಾವರ ಇಲ್ಲ ಅಂದರೂ ನಡೆಯುತ್ತೆ. ಅದು ಕೊಂಡು ಮಾರುವ ಸಂಸ್ಥೆ. ಅದರ ಖರ್ಚಿನಲ್ಲಿ ನೂರಕ್ಕೆ ಎಪ್ಪತ್ತು ರೂಪಾಯಿಗೂ ಹೆಚ್ಚು ಕರೆಂಟ್ ಖರೀದಿಗೇ ಹೋಗುತ್ತೆ. ಲೈನ್‌ಮನ್ ಸಂಬಳ, ಕಂಬ, ತಂತಿ, ಕಚೇರಿ, ಬಡ್ಡಿ ಎಲ್ಲ ಉಳಿದದ್ದರಲ್ಲಿ.

ಖರೀದಿಯ ದೊಡ್ಡ ಪಾಲು ಉದ್ದನೆಯ ಒಪ್ಪಂದಗಳಿಂದ ಬರುತ್ತೆ. ಇವನ್ನು ಪಿಪಿಎ ಅನ್ನುತ್ತಾರೆ. ಸಾಮಾನ್ಯವಾಗಿ ಇಪ್ಪತ್ತೈದು ವರ್ಷದ್ದು. ಕಲ್ಲಿದ್ದಲು ಸ್ಥಾವರದ ಜೊತೆಗಿನ ಒಪ್ಪಂದದಲ್ಲಿ ಬೆಲೆ ಎರಡು ಭಾಗವಾಗಿರುತ್ತೆ. ಒಂದು ನಿಗದಿತ ವೆಚ್ಚ: ಸ್ಥಾವರ ಕಟ್ಟಿದ ಸಾಲ, ಬಡ್ಡಿ, ಸಿಬ್ಬಂದಿ. ಇನ್ನೊಂದು ಇಂಧನದ ವೆಚ್ಚ: ಸುಟ್ಟ ಕಲ್ಲಿದ್ದಲಿಗೆ ತಕ್ಕಂತೆ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇಲ್ಲಿದೆ. ಸ್ಥಾವರ ಕರೆಂಟ್ ಕೊಡಲು ತಯಾರಿದ್ದು, ನಮಗೇ ಬೇಡವಾಗಿ ನಿಲ್ಲಿಸಿದರೂ ನಿಗದಿತ ವೆಚ್ಚ ಕಟ್ಟಲೇಬೇಕು. ಮಳೆ ಚೆನ್ನಾಗಿ ಬಂದು ಶರಾವತಿ ತುಂಬಿದ ವರ್ಷ, ಗಾಳಿ ಬೀಸುವ ಆಷಾಢದಲ್ಲಿ, ಉಷ್ಣ ಸ್ಥಾವರಗಳ ಘಟಕಗಳನ್ನು ನಿಲ್ಲಿಸುತ್ತಾರೆ. ಕಲ್ಲಿದ್ದಲು ಉಳಿಯುತ್ತೆ. ನಿಗದಿತ ವೆಚ್ಚ ಉಳಿಯಲ್ಲ. "ಕರೆಂಟೇ ಕೊಳ್ಳದೆ ಕೋಟ್ಯಂತರ ರೂಪಾಯಿ ಕೊಟ್ಟರು" ಎಂಬ ಸುದ್ದಿ ಆಗಾಗ ಬರುತ್ತಲ್ವಾ, ಅದರ ಮೂಲ ಇದು. ಪ್ರತಿ ಸಲವೂ ಅದು ಹಗರಣ ಅಲ್ಲ. ಹಾಗಂತ ಬೇಡಿಕೆ ತಪ್ಪಾಗಿ ಅಂದಾಜಿಸಿ ಜಾಸ್ತಿ ಒಪ್ಪಂದ ಮಾಡಿಕೊಂಡರೆ, ಆ ತಪ್ಪನ್ನು ಎರಡು ದಶಕ ನಾವೇ ತೀರಿಸಬೇಕು.

ಕೈಯಲ್ಲಿರುವ ಒಪ್ಪಂದಗಳಲ್ಲಿ ಇಂಧನ ವೆಚ್ಚ ಕಡಿಮೆ ಇರುವ ಸ್ಥಾವರಕ್ಕೆ ಮೊದಲ ಕರೆ. ಅದು ಸಾಲದಿದ್ದರೆ ಮುಂದಿನದು. ಬೆಂಗಳೂರಿನಲ್ಲಿರುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಹಗಲೂ ರಾತ್ರಿ ಇದೇ ಕೆಲಸ. ಅದೂ ಸಾಲದೇ ಹೋದರೆ? ಆಗ ಮಾರುಕಟ್ಟೆಗೆ ಹೋಗಬೇಕು.

ಹದಿನೈದು ನಿಮಿಷಕ್ಕೊಂದು ಬೆಲೆ

2008ರಲ್ಲಿ ದೇಶದಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳು ಶುರುವಾದವು. ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ ಇವುಗಳಲ್ಲಿ ದೊಡ್ಡದು. ದಿನದ 24 ಗಂಟೆಯನ್ನು 15 ನಿಮಿಷದ 96 ತುಂಡು ಮಾಡುತ್ತಾರೆ. ಒಂದೊಂದು ತುಂಡಿಗೂ ಹಿಂದಿನ ದಿನವೇ ಹರಾಜು. 2020ರ ಜೂನ್‌ನಿಂದ ಅರ್ಧ ಗಂಟೆಗೊಮ್ಮೆ ನಡೆಯುವ ತಕ್ಷಣದ ಹರಾಜೂ ಸೇರಿದೆ.

ಹರಾಜು ಹೇಗೆ ನಡೆಯುತ್ತೆ ಅಂತ ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ. ಸಂಜೆ 7ರಿಂದ 7.15ರ ತುಂಡು ತಗೊಳ್ಳಿ. ಗಾಳಿ ವಿದ್ಯುತ್ತಿನವರು 100 ಮೆಗಾವಾಟ್ ಕೊಡುತ್ತೇವೆ, ಯೂನಿಟ್‌ಗೆ 3 ರೂಪಾಯಿ ಸಿಕ್ಕರೆ ಸಾಕು ಅಂತಾರೆ. ಒಂದು ಕಲ್ಲಿದ್ದಲು ಸ್ಥಾವರ 200 ಮೆಗಾವಾಟ್, ನಾಲ್ಕೂವರೆ ರೂಪಾಯಿ. ಇನ್ನೊಂದು ಹಳೆಯ ಕಲ್ಲಿದ್ದಲು ಸ್ಥಾವರ 100 ಮೆಗಾವಾಟ್, 6 ರೂಪಾಯಿ. ಕೊನೆಗೆ ಗ್ಯಾಸ್ ಸ್ಥಾವರ 100 ಮೆಗಾವಾಟ್, 9 ರೂಪಾಯಿ.

ಕೊಳ್ಳುವವರಿಗೆ ಬೇಕಾಗಿರೋದು 350 ಮೆಗಾವಾಟ್. ಅಗ್ಗದಿಂದ ಶುರು ಮಾಡಿದರೆ 100, 200, ಆಮೇಲೆ ಮೂರನೆಯವರಿಂದ 50. ಮುಗಿಯಿತು. ಕೊನೆಯ ಯೂನಿಟ್ ಬಂದದ್ದು 6 ರೂಪಾಯಿಯವರಿಂದ. ಹಾಗಾಗಿ ಎಲ್ಲರಿಗೂ 6 ರೂಪಾಯಿ. 3 ರೂಪಾಯಿ ಸಾಕು ಅಂದವರಿಗೂ ಆರೇ! ಒಂದು ಮೆಗಾವಾಟ್ ಒಂದು ಗಂಟೆ ಹರಿದರೆ ಸಾವಿರ ಯೂನಿಟ್. ಆ ಲೆಕ್ಕದಲ್ಲಿ ಕಾಲು ಗಂಟೆಗೆ 87 ಸಾವಿರದ 500 ಯೂನಿಟ್, ಬಿಲ್ 5.25 ಲಕ್ಷ ರೂಪಾಯಿ.

ಈಗ ಸೆಕೆ ಜೋರಾಗಿ ಎಸಿಗಳು ಓಡತೊಡಗಿ ಬೇಡಿಕೆ 420ಕ್ಕೆ ಏರಿತು ಅನ್ನಿ. ಗ್ಯಾಸ್ ಸ್ಥಾವರದಿಂದ 20 ಮೆಗಾವಾಟ್ ಬೇಕಾಯಿತು. ಅಷ್ಟಕ್ಕೇ ಬೆಲೆ ಎಲ್ಲರಿಗೂ 9. ಬಿಲ್ 9.45 ಲಕ್ಷ. ಬೇಡಿಕೆ ಏರಿದ್ದು ಶೇ 20, ಬಿಲ್ ಏರಿದ್ದು ಶೇ 80.

ಕೇಳಿದಷ್ಟೇ ಕೊಟ್ಟರೆ ಆಗಲ್ವಾ ಅಂತ ಯಾರಿಗಾದರೂ ಅನ್ನಿಸುತ್ತೆ. ಕೇಳಿದಷ್ಟೇ ಕೊಡುತ್ತಾರೆ ಅಂತ ಗೊತ್ತಾದರೆ ಗಾಳಿಯವರು ಮೂರು ರೂಪಾಯಿ ಕೇಳೋದೇ ಇಲ್ಲ, ಇವತ್ತು ಬೆಲೆ ಎಲ್ಲಿಗೆ ನಿಲ್ಲಬಹುದು ಅಂತ ಊಹಿಸಿ ಅದನ್ನೇ ಕೇಳುತ್ತಾರೆ. ಒಂದೇ ಬೆಲೆಯ ಪದ್ಧತಿಯಲ್ಲಿ ನಿಜವಾದ ಖರ್ಚು ಹೇಳಿಕೊಳ್ಳುವುದೇ ಅವರಿಗೆ ಲಾಭ. ಜಗತ್ತಿನ ಹೆಚ್ಚಿನ ವಿದ್ಯುತ್ ಮಾರುಕಟ್ಟೆಗಳು ಇದನ್ನೇ ಇಟ್ಟುಕೊಂಡಿರೋದು ಇದಕ್ಕೆ.

ಬೆಲೆಗೆ ಮಿತಿಯೂ ಇದೆ. 2022ರ ಮಾರ್ಚ್‌ನಲ್ಲಿ ಯೂನಿಟ್ ಬೆಲೆ 20 ರೂಪಾಯಿ ಮುಟ್ಟಿದಾಗ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಮಧ್ಯೆ ಬಂದು 12 ರೂಪಾಯಿ ಮಿತಿ ಹಾಕಿತು. ಮರುವರ್ಷ ಅದನ್ನು 10ಕ್ಕೆ ಇಳಿಸಿತು. ದೇಶದ ಒಟ್ಟು ಕರೆಂಟಿನಲ್ಲಿ ಶೇ 10ಕ್ಕಿಂತ ಕಡಿಮೆ ಪಾಲು ಮಾತ್ರ ಹೀಗೆ ಹರಾಜಿನಲ್ಲಿ ಬಿಕರಿಯಾಗುತ್ತೆ. ಆದರೆ ಕೊರತೆಯ ಹೊತ್ತಿನಲ್ಲಿ ಬೇಕಾಗೋದು ಆ ಪಾಲೇ.

ಇಷ್ಟಕ್ಕೂ ಮಾರುಕಟ್ಟೆ ನಡೆಯೋಕೆ ತಂತಿ ಬೇಕು. 2013ರ ಡಿಸೆಂಬರ್ 31ರವರೆಗೆ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ ಜೊತೆ ಪೂರ್ತಿ ಬೆಸೆದಿರಲಿಲ್ಲ. ಅದನ್ನು ಬೆಸೆದದ್ದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋದ 765 ಕೆವಿ ಲೈನ್. ಅದಕ್ಕೆ ಮೊದಲು ಉತ್ತರದಲ್ಲಿ ಅಗ್ಗದ ಕರೆಂಟ್ ಬಿದ್ದಿದ್ದರೂ ಇಲ್ಲಿಗೆ ತರಲು ದಾರಿ ಸಾಲುತ್ತಿರಲಿಲ್ಲ. ಒಂದೇ ದಿನ, ಒಂದೇ ವಿನಿಮಯ ಕೇಂದ್ರದಲ್ಲಿ ದಕ್ಷಿಣಕ್ಕೆ ಬೇರೆ, ದುಬಾರಿ ಬೆಲೆ. ಬೆಸೆಯದಿದ್ದದ್ದರಿಂದ ಒಂದು ಲಾಭವೂ ಆಗಿತ್ತು ಅನ್ನಿ. 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತದ ಗ್ರಿಡ್ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿದ್ದಾಗ ನಮ್ಮ ಕಡೆ ದೀಪ ಆರಲಿಲ್ಲ.

ಮಧ್ಯಾಹ್ನ ಅಗ್ಗ, ಸಂಜೆ ದುಬಾರಿ

ಪಾವಗಡದ ಸೋಲಾರ್ ಪಾರ್ಕ್ ಒಂದರಲ್ಲೇ 2,050 ಮೆಗಾವಾಟ್ ಸಾಮರ್ಥ್ಯ ಇದೆ. ಬಿಸಿಲಿರುವ ಹೊತ್ತು ಕರ್ನಾಟಕ, ರಾಜಸ್ಥಾನ, ಗುಜರಾತ್ ಎಲ್ಲ ಕಡೆ ಸೋಲಾರ್ ಕರೆಂಟ್ ಒಟ್ಟಿಗೇ ನುಗ್ಗುತ್ತೆ. ಆಗ ವಿನಿಮಯ ಕೇಂದ್ರದಲ್ಲಿ ಬೆಲೆ ಎರಡು ರೂಪಾಯಿಗೂ ಕೆಳಗೆ ಬಿದ್ದ ದಿನಗಳಿವೆ. ಸೂರ್ಯ ಮುಳುಗಿದ ಮೇಲೆ ಅದೇ ದಿನ ಹತ್ತು ರೂಪಾಯಿಯ ಮಿತಿ ಮುಟ್ಟುವುದೂ ಇದೆ.

ಪಂಪ್‌ಸೆಟ್ಟಿಗೆ ರಾತ್ರಿ ಬದಲು ಹಗಲು ತ್ರೀಫೇಸ್ ಕೊಡಬೇಕು ಎಂಬ ರೈತರ ಹಳೆಯ ಬೇಡಿಕೆಗೆ ಈಗ ಎಸ್ಕಾಂಗಳೂ ತಲೆಯಾಡಿಸೋದು ಇದಕ್ಕೇ. ರಾತ್ರಿ ಹಾವು ಚೇಳಿನ ನಡುವೆ ಮೋಟಾರ್ ಹಾಕಲು ಹೋಗೋದು ತಪ್ಪುತ್ತೆ, ಎಸ್ಕಾಂಗೆ ಅಗ್ಗದ ಹೊತ್ತಿನಲ್ಲಿ ಕೆಲಸ ಮುಗಿಯುತ್ತೆ. ಹೊತ್ತಿಗೆ ತಕ್ಕ ದರ ಎಂಬ ಪದ್ಧತಿಯೂ ಇದರಿಂದಲೇ ಹುಟ್ಟಿದ್ದು. 2023ರ ಕೇಂದ್ರ ನಿಯಮಗಳ ಪ್ರಕಾರ ಬಿಸಿಲ ಹೊತ್ತಿನ ದರ ಕನಿಷ್ಠ ಶೇ 20 ಕಡಿಮೆ ಇರಬೇಕು, ಬೇಡಿಕೆ ಹೆಚ್ಚಿರುವ ಹೊತ್ತಿಗೆ ಜಾಸ್ತಿ. ಇದಕ್ಕೆ ಯಾವ ಹೊತ್ತಲ್ಲಿ ಎಷ್ಟು ಬಳಸಿದಿರಿ ಅಂತ ಗುರುತಿಡುವ ಸ್ಮಾರ್ಟ್ ಮೀಟರ್ ಬೇಕು. ಶರಾವತಿಯಲ್ಲಿ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಪಂಪ್ ಮಾಡಿ ಸಂಜೆ ಬಿಡುವ 2,000 ಮೆಗಾವಾಟ್ ಯೋಜನೆಯ ಲೆಕ್ಕಾಚಾರ ನಿಂತಿರುವುದೂ ಮಧ್ಯಾಹ್ನ ಮತ್ತು ಸಂಜೆಯ ಈ ಬೆಲೆ ವ್ಯತ್ಯಾಸದ ಮೇಲೆ. ಕಾಡಿನ ಪ್ರಶ್ನೆ ಎತ್ತಿ ಅದನ್ನು ವಿರೋಧಿಸುವವರ ವಾದ ಬೇರೆಯೇ ಇದೆ, ಅದು ಇನ್ನೊಂದು ಲೇಖನದ ಮಾತು.

ಒಂದು ಮಾತು ಮರೆಯಬಾರದು. ಮಾರುಕಟ್ಟೆ ಅಂದರೂ ಕೊರತೆ ಬಿಗಡಾಯಿಸಿದಾಗ ಸರ್ಕಾರ ಹಳೆಯ ಅಸ್ತ್ರ ಹೊರಗೆ ತೆಗೆಯುತ್ತೆ. 2023ರ ಬರದಲ್ಲಿ ಜಲಾಶಯಗಳು ಖಾಲಿಯಾಗಿ ಪಂಪ್‌ಸೆಟ್ ಬಳಕೆ ಏರಿತ್ತು. ಆಗ ರಾಜ್ಯ ಸರ್ಕಾರ 2003ರ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ಕರೆಂಟನ್ನು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕು ಅಂತ ಆದೇಶ ಹೊರಡಿಸಿತು. ಸಕ್ಕರೆ ಕಾರ್ಖಾನೆಗಳ ಕರೆಂಟೂ ಅದರಲ್ಲಿ ಸೇರಿತ್ತು.

ಒಬ್ಬರ ಕರೆಂಟಿಗೆ ಇನ್ನೊಬ್ಬರ ದುಡ್ಡು

ಇಡೀ ಸುಧಾರಣೆಯ ಜಗಳ ನಡೆಯೋದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನಕ್ಕೆ ನೋಡೋಣ.

ಎಸ್ಕಾಂ ಒಂದು ಯೂನಿಟ್ ಕೊಂಡು, ಸಾಗಿಸಿ, ನಮ್ಮ ಮೀಟರಿಗೆ ಮುಟ್ಟಿಸುವ ಹೊತ್ತಿಗೆ ಬೀಳುವ ಒಟ್ಟು ಖರ್ಚನ್ನು ಸರಾಸರಿ ಸರಬರಾಜು ವೆಚ್ಚ ಅನ್ನುತ್ತಾರೆ. ಎಲ್ಲರಿಂದಲೂ ಅಷ್ಟನ್ನೇ ವಸೂಲಿ ಮಾಡಿದರೆ ಗೋಜಲೇ ಇರಲ್ಲ. ಆದರೆ ನಮ್ಮ ದೇಶದಲ್ಲಿ ಅಂಗಡಿ, ಹೋಟೆಲ್, ಕಾರ್ಖಾನೆ ಅದಕ್ಕಿಂತ ಜಾಸ್ತಿ ಕಟ್ಟುತ್ತವೆ. ಕೆಲವು ವರ್ಗದವರು ಕಡಿಮೆ ಕಟ್ಟುತ್ತಾರೆ. ಜಾಸ್ತಿ ಕಟ್ಟಿದವರ ಹಣ ಕಡಿಮೆ ಕಟ್ಟಿದವರ ಕೊರತೆ ತುಂಬುತ್ತೆ. ಇದು ಅಡ್ಡ ಸಬ್ಸಿಡಿ. ಸರ್ಕಾರದ ಬಜೆಟ್‌ನಲ್ಲಿ ಇದು ಕಾಣಲ್ಲ. ನೀವು ಹೋಟೆಲಿನಲ್ಲಿ ಕುಡಿದ ಕಾಫಿಯ ಬೆಲೆಯಲ್ಲೂ ಇದರ ಒಂದು ಚೂರು ಇರುತ್ತೆ.

ಎರಡನೆಯದು ನೇರ ಸಬ್ಸಿಡಿ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ. ಇಂಥ ಪಂಪ್‌ಸೆಟ್‌ಗಳು 30 ಲಕ್ಷಕ್ಕೂ ಹೆಚ್ಚಿವೆ. ರಾಜ್ಯದಲ್ಲಿ ಬಳಕೆಯಾಗುವ ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಇವುಗಳದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ತಿಂಗಳಿಗೆ 200 ಯೂನಿಟ್ ಒಳಗಿನ ಮನೆಗಳಿಗೆ ಅವರವರ ಸರಾಸರಿಗೆ ತಕ್ಕಂತೆ ಉಚಿತ. ಉಚಿತ ಅಂದರೆ ಯಾರೂ ಕಟ್ಟುತ್ತಿಲ್ಲ ಅಂತಲ್ಲ. ಆಯೋಗ ಹೇಳಿದ ದರದಲ್ಲಿ ಸರ್ಕಾರ ಎಸ್ಕಾಂಗೆ ಕಟ್ಟಬೇಕು. 2003ರ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಈ ಹಣ ಮುಂಗಡವಾಗಿಯೇ ಬರಬೇಕು. ವಾಸ್ತವದಲ್ಲಿ ತಡವಾಗುತ್ತೆ. ಗ್ರಾಮ ಪಂಚಾಯಿತಿಗಳ ಬೀದಿ ದೀಪ, ಕುಡಿಯುವ ನೀರಿನ ಮೋಟಾರುಗಳ ಬಾಕಿಯೂ ಬೆಳೆಯುತ್ತಾ ಹೋಗುತ್ತೆ. ಹಣ ಬರುವ ತನಕ ಎಸ್ಕಾಂ ಸಾಲ ಮಾಡುತ್ತೆ. ಆ ಸಾಲದ ಬಡ್ಡಿಯ ಭಾರ ಸುತ್ತಿ ಬಳಸಿ ಇದೇ ವ್ಯವಸ್ಥೆಯ ಮೇಲೆ ಬೀಳುತ್ತೆ.

ಪಂಪ್‌ಸೆಟ್ಟಿನ ಲೆಕ್ಕ ಹಾಕೋದೇ ಒಂದು ಕಸರತ್ತು. ಬಹುಪಾಲು ಪಂಪ್‌ಸೆಟ್ಟಿಗೆ ಮೀಟರ್ ಇಲ್ಲ. ಸಬ್‌ಸ್ಟೇಷನ್ನಿನಲ್ಲಿ 11 ಕೆವಿ ಫೀಡರಿಗೆ, ಅಂದರೆ ಅಲ್ಲಿಂದ ಊರು, ಹೊಲಗಳ ಕಡೆ ಹೊರಡುವ ಲೈನಿಗೆ, ಮೀಟರ್ ಇರುತ್ತೆ. ಆ ಫೀಡರಿನಲ್ಲಿ ಹೋದ ಒಟ್ಟು ಯೂನಿಟ್‌ನಿಂದ ತಂತಿಯಲ್ಲಿ ಸೋರಿದ್ದು ಇಷ್ಟಿರಬಹುದು ಅಂತ ಕಳೆದು, ಉಳಿದದ್ದನ್ನು ಪಂಪ್‌ಸೆಟ್‌ಗಳಿಗೆ ಭಾಗಿಸುತ್ತಾರೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್, ಹೊಲದ ಫೀಡರ್ ಬೇರೆ ಮಾಡಿದ ಮೇಲೆ ಈ ಅಂದಾಜು ಸುಧಾರಿಸಿತು. ಆದರೂ ಅದು ಅಂದಾಜೇ. ತಂತಿಯಲ್ಲಿ ಹೋದ ನಷ್ಟ, ಕದ್ದ ಕರೆಂಟ್, ರೈತ ನಿಜವಾಗಿ ಬಳಸಿದ್ದು ಇವುಗಳ ನಡುವಿನ ಗೆರೆ ಮಸುಕು. ರೈತರಿಗೆ ಮೀಟರ್ ಅಂದರೆ ಭಯ. ಇವತ್ತು ಮೀಟರ್, ನಾಳೆ ಬಿಲ್ ಎಂಬ ಅವರ ಅನುಮಾನಕ್ಕೆ ಕಾರಣ ಇಲ್ಲ ಅಂತ ಹೇಳಲಾಗದು.

ದೊಡ್ಡ ಗಿರಾಕಿಗಳು ಹೊರಟರು

2003ರ ಕಾಯ್ದೆ ಒಂದು ಬಾಗಿಲು ತೆರೆಯಿತು. ಒಂದು ಮೆಗಾವಾಟ್‌ಗಿಂತ ದೊಡ್ಡ ಬಳಕೆದಾರರು ಎಸ್ಕಾಂ ಬಿಟ್ಟು ಬೇರೆಯವರಿಂದ ನೇರ ಕೊಳ್ಳಬಹುದು. ಎಸ್ಕಾಂ ತಂತಿಗೆ ಸಾಗಣೆ ಶುಲ್ಕ, ಅದರ ಮೇಲೆ ಅಡ್ಡ ಸಬ್ಸಿಡಿ ಸರ್‌ಚಾರ್ಜ್ ಕಟ್ಟಬೇಕು. ಇದಕ್ಕೆ ಓಪನ್ ಆಕ್ಸೆಸ್ ಅಂತ ಹೆಸರು. 2022ರಲ್ಲಿ ಹಸಿರು ಇಂಧನ ಕೊಳ್ಳುವವರಿಗೆ ಈ ಮಿತಿಯನ್ನು 100 ಕಿಲೋವಾಟ್‌ಗೆ ಇಳಿಸಿದರು.

ಕರ್ನಾಟಕದಲ್ಲಿ ಇದು ಜೋರಾಗಿ ಬೆಳೆಯಿತು. 2018ರ ಮಾರ್ಚ್ ಒಳಗೆ ಶುರುವಾದ ಸೋಲಾರ್ ಸ್ಥಾವರಗಳಿಗೆ ಸಾಗಣೆ ಶುಲ್ಕ, ಅಡ್ಡ ಸಬ್ಸಿಡಿ ಸರ್‌ಚಾರ್ಜ್‌ನಿಂದ ಹತ್ತು ವರ್ಷ ವಿನಾಯಿತಿ ಸಿಕ್ಕಿತ್ತು. ಗಡುವಿನ ಹೊತ್ತಿಗೆ ಸ್ಥಾವರಗಳನ್ನು ಮುಗಿಸುವ ಧಾವಂತ ಹೇಳತೀರದು. ಕಂಪನಿಗಳಿಗೆ ಅಗ್ಗದ ಕರೆಂಟ್ ಸಿಕ್ಕಿತು. ರಾಜ್ಯಕ್ಕೆ ಹಸಿರು ಇಂಧನದ ಹೆಸರು ಬಂತು.

ಆದರೆ ಹೊರಟವರು ಯಾರು? ಜಾಸ್ತಿ ದರ ಕಟ್ಟುತ್ತಿದ್ದವರೇ. ಅವರು ಹೋದಾಗ ಅವರ ಅಡ್ಡ ಸಬ್ಸಿಡಿಯೂ ಹೋಯಿತು. ಅವರಿಗಾಗಿ ಮಾಡಿಕೊಂಡಿದ್ದ ಇಪ್ಪತ್ತೈದು ವರ್ಷದ ಒಪ್ಪಂದ ಮಾತ್ರ ಎಸ್ಕಾಂ ತಲೆಯ ಮೇಲೇ ಉಳಿಯಿತು. ಹೋಗುವವರ ಮೇಲೆ ಅಡ್ಡ ಸಬ್ಸಿಡಿ ಸರ್‌ಚಾರ್ಜ್ ಹಾಕೋದು ಈ ಹಳ್ಳ ಮುಚ್ಚೋಕೆ. ಅದನ್ನು ಜಾಸ್ತಿ ಮಾಡಿದರೆ ಮಾರುಕಟ್ಟೆ ಬೆಳೆಯಲ್ಲ, ಕಡಿಮೆ ಮಾಡಿದರೆ ಉಳಿದವರ ಬಿಲ್ ಏರುತ್ತೆ.

ಹೊಸ ಕರಡು ಏನು ಹೇಳುತ್ತೆ?

ಈಗಿನ ಕಾಯ್ದೆಯಲ್ಲೇ ಒಂದು ಊರಿಗೆ ಎರಡನೇ ವಿತರಣಾ ಕಂಪನಿ ಬರಲು ಅವಕಾಶ ಇದೆ. ಆದರೆ ಅದು ಸ್ವಂತ ತಂತಿ ಎಳೆದುಕೊಳ್ಳಬೇಕು. ಯಾರು ಎಳೀತಾರೆ? ಹಾಗಾಗಿ ಮುಂಬೈಯಂಥ ಕೆಲವು ಕಡೆ ಬಿಟ್ಟರೆ ಯಾರೂ ಬರಲಿಲ್ಲ. ಇರುವ ತಂತಿಯನ್ನೇ ಹೊಸಬರೂ ಶುಲ್ಕ ಕಟ್ಟಿ ಬಳಸಬಹುದು ಎನ್ನುವುದು ಕರಡಿನ ಮುಖ್ಯ ಅಂಶ. 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದ ಮಸೂದೆಯಲ್ಲೂ ಇದೇ ಇತ್ತು. ಅದು ಸ್ಥಾಯಿ ಸಮಿತಿಗೆ ಹೋಗಿ, ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು.

ಕರಾವಳಿಯ ಬಸ್ಸುಗಳನ್ನು ನೆನೆದರೆ ಇದರ ಒಳಹೊರಗು ಬೇಗ ತಿಳಿಯುತ್ತೆ. ಮಂಗಳೂರು–ಉಡುಪಿ ರಸ್ತೆಯಲ್ಲಿ ಖಾಸಗಿ ಬಸ್ಸುಗಳು ಒಂದರ ಹಿಂದೊಂದು. ರಸ್ತೆ ಸರ್ಕಾರದ್ದು, ಬಸ್ಸು ಬೇರೆ ಬೇರೆಯವರದ್ದು, ಪ್ರಯಾಣಿಕರಿಗೆ ಆಯ್ಕೆ. ಅದೇ ಘಟ್ಟದ ಬುಡದ ಒಳಹಳ್ಳಿಗೆ, ಸಂಜೆ ಹೊತ್ತಿನ ಕೊನೆಯ ಟ್ರಿಪ್ಪಿಗೆ ಯಾರು ಬರುತ್ತಾರೆ? ಸೀಟು ತುಂಬದ ದಾರಿಗೆ ಸರ್ಕಾರಿ ಬಸ್ಸೇ ಗತಿ. ಕರೆಂಟಿನಲ್ಲೂ ಹೊಸ ಕಂಪನಿಗಳು ವೈಟ್‌ಫೀಲ್ಡ್, ಪೀಣ್ಯದಂಥ ತುಂಬಿದ ದಾರಿ ಹಿಡಿದು, ಪಂಪ್‌ಸೆಟ್ ಫೀಡರುಗಳನ್ನು ಎಸ್ಕಾಂಗೇ ಬಿಟ್ಟರೆ ಎಂಬುದು ವಿರೋಧಿಸುವವರ ಪ್ರಶ್ನೆ. ಎಲ್ಲರಿಗೂ ಸರಬರಾಜು ಮಾಡುವ ಹೊಣೆ ಪರವಾನಗಿ ಪಡೆದ ಎಲ್ಲ ಕಂಪನಿಗಳ ಮೇಲೂ ಇರುತ್ತೆ, ದೊಡ್ಡ ಬಳಕೆದಾರರ ವಿಷಯದಲ್ಲಿ ಮಾತ್ರ ಆಯೋಗ ಅದನ್ನು ಸಡಿಲಿಸಬಹುದು ಎನ್ನುವುದು ಕೇಂದ್ರದ ನಿಲುವು. ಬಸ್ಸಿಗೂ ಕರೆಂಟಿಗೂ ಒಂದು ವ್ಯತ್ಯಾಸ ಇದೆ. ಯಾವ ಕಂಪನಿಗೆ ದುಡ್ಡು ಕಟ್ಟಿದರೂ ನಿಮ್ಮ ಮನೆಗೆ ಬರುವುದು ಅದೇ ಟಿಸಿಯ ಅದೇ ಕರೆಂಟ್. ಕಂಪನಿ ಬದಲಿಸಿದ ಮಾತ್ರಕ್ಕೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವುದು ನಿಲ್ಲಲ್ಲ.

ಇನ್ನೊಂದು ದೊಡ್ಡ ಅಂಶ ದರದ್ದು. ದರ ಖರ್ಚಿಗೆ ಸಮನಾಗಿರಬೇಕು, ಉತ್ಪಾದನಾ ಕೈಗಾರಿಕೆ, ರೈಲ್ವೆ, ಮೆಟ್ರೊಗಳ ಮೇಲಿನ ಅಡ್ಡ ಸಬ್ಸಿಡಿ ಐದು ವರ್ಷದಲ್ಲಿ ಹೋಗಬೇಕು ಅನ್ನುತ್ತೆ ಕರಡು. ಪಂಪ್‌ಸೆಟ್ ಮಾತು ಹುಟ್ಟಿದ್ದು ಇಲ್ಲಿಂದ. ಉಚಿತ ಕರೆಂಟ್ ನಿಲ್ಲಿಸಿ ಅಂತ ಕರಡಿನಲ್ಲಿ ಇಲ್ಲ. ರಾಜ್ಯ ಸರ್ಕಾರ ಬೇಕಾದರೆ ಕೊಡಬಹುದು, ಆದರೆ ಪೂರ್ತಿ ಹಣ ಬಜೆಟ್‌ನಿಂದ ಬರಬೇಕು. ಇವತ್ತು ಕಾರ್ಖಾನೆಗಳ ಬಿಲ್ಲಿನಲ್ಲಿ ಅಡಗಿರುವ ಪಾಲು ನಾಳೆ ಸರ್ಕಾರದ ಖಾತೆಗೆ ಬರುತ್ತೆ. ಆ ಭಾರವನ್ನು ಸರ್ಕಾರ ಎಷ್ಟು ವರ್ಷ ಹೊತ್ತೀತು ಎಂಬುದರ ಮೇಲೆ ರೈತನ ಬಿಲ್ ನಿಂತಿದೆ.

ಬೇರೆ ಕಡೆ ಏನಾಯ್ತು?

ಮೊದಲು ಒಡೆದವರು ಒಡಿಶಾದವರು. 1999ರಲ್ಲಿ ವಿತರಣೆಯನ್ನೂ ಖಾಸಗಿಗೆ ಕೊಟ್ಟರು. ಭುವನೇಶ್ವರದ ಭಾಗ ವಹಿಸಿಕೊಂಡ ಅಮೆರಿಕದ ಎಇಎಸ್ ಕಂಪನಿ 2001ರಲ್ಲಿ ಕೈಬಿಟ್ಟು ಹೋಯಿತು. ಉಳಿದ ಮೂರು ಭಾಗಗಳಲ್ಲಿದ್ದ ರಿಲಯನ್ಸ್ ಪರವಾನಗಿಗಳು 2015ರಲ್ಲಿ ರದ್ದಾದವು. ಈಗ ನಾಲ್ಕೂ ಟಾಟಾ ಪವರ್ ಕೈಯಲ್ಲಿವೆ.

ದೆಹಲಿ 2002ರಲ್ಲಿ ಖಾಸಗಿಗೆ ಕೊಟ್ಟಿತು. ಆಗ ಅಲ್ಲಿ ನೂರು ಯೂನಿಟ್ ಕರೆಂಟ್ ಒಳಗೆ ಹೋದರೆ ಅರ್ಧಕ್ಕೂ ದುಡ್ಡು ಬರುತ್ತಿರಲಿಲ್ಲ. ಈಗ ನಷ್ಟ ಶೇ 10ಕ್ಕಿಂತ ಕೆಳಗಿದೆ. ಇದು ದೊಡ್ಡ ಸಾಧನೆಯೇ. ಅದರ ಬೆನ್ನಿಗೇ ಇನ್ನೊಂದು ಕತೆ. ಖರ್ಚಿಗೆ ತಕ್ಕಂತೆ ದರ ಏರಿಸದೆ, ಆ ಕೊರತೆಯನ್ನು ಮುಂದೆ ವಸೂಲಿ ಮಾಡೋಣ ಅಂತ ಆಯೋಗ ಪುಸ್ತಕದಲ್ಲಿ ಬರೆದಿಡುತ್ತಾ ಬಂತು. ಬಡ್ಡಿ ಸೇರಿ ಅದು ಸಾವಿರಾರು ಕೋಟಿ ಆಯಿತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಬಾಕಿಗಳನ್ನು ಗಡುವಿನೊಳಗೆ ತೀರಿಸಬೇಕು ಅಂತ ದೇಶದ ಎಲ್ಲ ಆಯೋಗಗಳಿಗೂ ಹೇಳಿತು. ಅಂದರೆ ಹತ್ತು ವರ್ಷದ ಹಿಂದೆ ಬಳಸಿದ ಕರೆಂಟಿನ ದುಡ್ಡನ್ನು ಈಗಿನವರು ಕಟ್ಟಬೇಕು.

ಒಂದೇ ಊರಿನಲ್ಲಿ ಎರಡು ಕಂಪನಿ ನೋಡಬೇಕು ಅಂದರೆ ಮುಂಬೈ. ಅಲ್ಲಿನ ಉಪನಗರಗಳಲ್ಲಿ ಟಾಟಾ ಪವರ್ ಮತ್ತು ಅದಾನಿ ನಡುವೆ ಗ್ರಾಹಕರು ಬದಲಾಯಿಸಿಕೊಳ್ಳಬಹುದು. ಹಳೆಯ ಕಂಪನಿಯ ತಂತಿಯಲ್ಲೇ ಹೊಸ ಕಂಪನಿಯ ಕರೆಂಟ್. ಅಲ್ಲೂ ಬದಲಾಯಿಸಿಕೊಂಡವರು ತಂತಿಯ ಶುಲ್ಕದ ಜೊತೆಗೆ ಸರ್‌ಚಾರ್ಜ್ ಕಟ್ಟಬೇಕಾಗಿ ಬಂತು.

ನಿಮ್ಮ ಬಿಲ್ಲಿನಲ್ಲಿ ಇದೆಲ್ಲ ಎಲ್ಲಿದೆ?

ಮುಂದಿನ ತಿಂಗಳ ಬಿಲ್ ಕೈಗೆ ಬಂದಾಗ ಮೇಲಿಂದ ಕೆಳಗೆ ಓದಿ. ನಿಗದಿತ ಶುಲ್ಕ ಅಂತ ಒಂದು ಸಾಲು ಇರುತ್ತೆ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಅದು ಬರುತ್ತೆ, ಯಾಕೆಂದರೆ ಸ್ಥಾವರದ ಸಾಲ, ತಂತಿಯ ಖರ್ಚು ನಿಮ್ಮ ಜೊತೆ ಊರಿಗೆ ಹೋಗಲ್ಲ. ಆಮೇಲೆ ವಿದ್ಯುತ್ ಶುಲ್ಕ, ಯೂನಿಟ್ ಲೆಕ್ಕದಲ್ಲಿ. ಮೊದಲು 100 ಯೂನಿಟ್‌ವರೆಗೆ ಒಂದು ದರ, ಮೇಲೆ ಇನ್ನೊಂದು ದರ ಇತ್ತು. 2024ರ ಏಪ್ರಿಲ್‌ನಿಂದ ಆಯೋಗ ಅದನ್ನು ಒಂದೇ ದರ ಮಾಡಿತು, ಯೂನಿಟ್‌ಗೆ 5.90 ರೂಪಾಯಿ. ಮರುವರ್ಷ 5.80 ಆಯಿತು.

ಅದರ ಕೆಳಗೆ ಇಂಧನ ಮತ್ತು ವಿದ್ಯುತ್ ಖರೀದಿ ಹೊಂದಾಣಿಕೆ ವೆಚ್ಚ. ವರ್ಷದ ಆರಂಭದಲ್ಲಿ ಆಯೋಗ ಅಂದಾಜಿಸಿದ ಖರೀದಿ ಬೆಲೆಗೂ ನಿಜವಾದ ಬೆಲೆಗೂ ಇರುವ ವ್ಯತ್ಯಾಸ ಇದು. ಕಲ್ಲಿದ್ದಲು ತುಟ್ಟಿಯಾದರೆ, ವಿನಿಮಯ ಕೇಂದ್ರದಲ್ಲಿ ಹತ್ತು ರೂಪಾಯಿಗೆ ಕೊಂಡರೆ, ಅದರ ಬಿಸಿ ಈ ಸಾಲಿನಲ್ಲಿ ತಟ್ಟುತ್ತೆ. ಕೆಲವು ತಿಂಗಳು ಏರುತ್ತೆ, ಕೆಲವು ತಿಂಗಳು ಇಳಿಯುತ್ತೆ.

2025ರ ಏಪ್ರಿಲ್‌ನಿಂದ ಇನ್ನೊಂದು ಸಾಲು ಸೇರಿದೆ. ಪಿ ಅಂಡ್ ಜಿ ಸರ್‌ಚಾರ್ಜ್, 2025-26ರಲ್ಲಿ ಯೂನಿಟ್‌ಗೆ 36 ಪೈಸೆ. ಇದು ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಸರ್ಕಾರ ಕೊಡಬೇಕಿದ್ದ ಪಾಲು. ಈಗ ಬಳಕೆದಾರರಿಂದ ವಸೂಲಿಯಾಗುತ್ತಿದೆ. ಆ ವರ್ಷ ಗೃಹಜ್ಯೋತಿಯ ಮಿತಿ ದಾಟಿ 250 ಯೂನಿಟ್ ಬಳಸಿದ ಮನೆಗೆ ಇದೊಂದೇ 90 ರೂಪಾಯಿ ಆಗುತ್ತಿತ್ತು. ಅದೇ ಏಪ್ರಿಲ್‌ನಿಂದ ಯೂನಿಟ್ ದರ 10 ಪೈಸೆ ಇಳಿದಿತ್ತು. ಹಾಗಾಗಿ ದರ ಇಳಿಯಿತು ಎಂದವರೂ ಸರಿ, ಬಿಲ್ ಏರಿತು ಎಂದವರೂ ಸರಿ.

ಈ ಅಂಕಿಗಳು ಸದ್ದಿಲ್ಲದೆ ಹುಟ್ಟಲ್ಲ. ಎಸ್ಕಾಂಗಳು ಹೊಸ ದರ ಕೇಳಿ ಸಾಮಾನ್ಯವಾಗಿ ನವೆಂಬರ್ ಕೊನೆಯ ಹೊತ್ತಿಗೆ ಆಯೋಗಕ್ಕೆ ಅರ್ಜಿ ಹಾಕುತ್ತವೆ. ಅದರ ಸಾರಾಂಶ ಪತ್ರಿಕೆಗಳಲ್ಲಿ ಬರಬೇಕು. ಆಮೇಲೆ ಆಯೋಗ ಸಾರ್ವಜನಿಕ ಅಹವಾಲು ಕೇಳುತ್ತೆ. ಅಲ್ಲಿ ಹೆಚ್ಚಾಗಿ ಕಾಣೋದು ಕೈಗಾರಿಕೆ ಸಂಘಗಳ ಪ್ರತಿನಿಧಿಗಳು, ಕೆಲವು ರೈತ ಮುಖಂಡರು. ಆಕ್ಷೇಪ ಸಲ್ಲಿಸೋಕೆ ವಕೀಲರು ಬೇಕಿಲ್ಲ. ಆರ್‌ಆರ್ ನಂಬರ್ ಇರುವ ಯಾವ ಗ್ರಾಹಕರೂ ಕನ್ನಡದಲ್ಲೇ ಬರೆದು ಕೊಡಬಹುದು. ಬಂದ ಆಕ್ಷೇಪಗಳನ್ನೂ ಅವಕ್ಕೆ ಎಸ್ಕಾಂ ಕೊಟ್ಟ ಉತ್ತರವನ್ನೂ ಆಯೋಗ ತನ್ನ ದರ ಆದೇಶದಲ್ಲಿ ದಾಖಲಿಸುತ್ತೆ.